ಹಿಂದಿನ ಟೈರು ನಡುವೆ ಮಾತ್ರ ಏಕೆ ಸವೆಯುತ್ತದೆ?

ಪ್ರಶ್ನೆ: ಪತ್ನಿಯೊಡನೆ, ಸಾಮಾನು ಹೇರಿಕೊಂಡು ಬೈಕಿನಲ್ಲಿ ಆಗಾಗ ಊಟಿಗೆ ಹೋಗುತ್ತೇನೆ. ಹಿಂದಿನ ಟೈರು ನಡುವೆ ಚಪ್ಪಟೆಯಾಗಿದೆ, ಅಂಚು ಹೊಸದರಂತಿದೆ. ಇದು ಟೈರಿನ ದೋಷವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ದೋಷವಲ್ಲ. ಎಂಜಿನ್ನಿನ ಎಳೆತವನ್ನು ನೆಲಕ್ಕೆ ದಾಟಿಸುವುದು ಹಿಂದಿನ ಚಕ್ರವೇ ಆಗಿರುವುದರಿಂದ, ಅದರ ಮೇಲೆ ಇಬ್ಬರ ಹಾಗೂ ಸಾಮಾನಿನ ಭಾರವೂ ಬಿದ್ದಾಗ, ಗುಂಡ್ಲುಪೇಟೆಯವರೆಗಿನ ಹೆಚ್ಚುಕಡಿಮೆ ನೇರವಾದ ರಸ್ತೆಯಲ್ಲಿ ನಡುಪಟ್ಟಿಯೇ ಸವೆಯುತ್ತದೆ. ಅಂಚು ತಾಗುವುದು ಘಾಟಿಯ ತಿರುವುಗಳಲ್ಲಿ ಮಾತ್ರ. ಗಾಳಿ ಅತಿಯಾದರೂ ನಡುಭಾಗ ಬೇಗ ತೇಯುತ್ತದೆ. ಕಡಿಮೆಯಾದರೆ ಟೈರು ಕಾದು ಹಾಳಾಗುತ್ತದೆ, ಇದು ಹೆಚ್ಚು ಅಪಾಯಕರ. ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ, ಕೈಪಿಡಿಯಲ್ಲಿ ಇಬ್ಬರ ಸವಾರಿಗೆ ಸೂಚಿಸಿದಷ್ಟು ಗಾಳಿ ತುಂಬಿಸಿ. ಚಪ್ಪಟೆಯಾದ ಟೈರು ತಿರುವಿನಲ್ಲಿ ಮೊದಲು ವಾಲಲೊಲ್ಲದೆ, ಬಳಿಕ ಥಟ್ಟನೆ ವಾಲುತ್ತದೆ. ನಡುವಿನ ಗೀರುಗಳ ತಳದಲ್ಲಿರುವ ಸಣ್ಣ ರಬ್ಬರ್ ದಿಬ್ಬದ ಮಟ್ಟಕ್ಕೆ ಮೇಲ್ಮೈ ಇಳಿದಿದ್ದರೆ, ಅಂಚು ಎಷ್ಟೇ ಚೆನ್ನಾಗಿರಲಿ, ಟೈರು ಬದಲಿಸಿ.