ಎಕ್ಸ್‌ಚೇಂಜ್ 2019: ಅಪ್‌ಡೇಟ್ ಆದಮೇಲೆ ಓಡಬ್ಲ್ಯೂಎ ಖಾಲಿ ಪುಟ

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ 2019ರ ಸೆಕ್ಯುರಿಟಿ ಅಪ್‌ಡೇಟ್ ಎರರ್ ಇಲ್ಲದೆ ಮುಗಿಯಿತು, ಆದರೆ ಓಡಬ್ಲ್ಯೂಎ (ಬ್ರೌಸರಿನಲ್ಲಿ ಮೇಲ್ ನೋಡುವ ಪುಟ), ಇಸಿಪಿ (ಬ್ರೌಸರಿನಲ್ಲಿ ಸರ್ವರ್ ನಿರ್ವಹಿಸುವ ಪುಟ) ಎರಡೂ ಖಾಲಿ ಪುಟ ತೋರಿಸುತ್ತಿವೆ ಅಂದಿದ್ದೀರಿ. ಬಹುಮಟ್ಟಿಗೆ ನೀವು ಅಪ್‌ಡೇಟಿನ ಎಂಎಸ್‌ಪಿ (ಪ್ಯಾಚ್) ಫೈಲನ್ನು ಡಬಲ್ ಕ್ಲಿಕ್ ಮಾಡಿ ಹಾಕಿದ್ದೀರಿ. ಯುಎಸಿ (ಅಡ್ಮಿನ್ ಅನುಮತಿ ಕೇಳುವ ವಿಂಡೋಸ್‌ನ ರಕ್ಷಣೆ) ಆನ್ ಇದ್ದಾಗ ಹಾಗೆ ಹಾಕಿದರೆ ಕೆಲವು ಫೈಲುಗಳು ಹಳೆಯವೇ ಉಳಿದುಬಿಡುತ್ತವೆ, ಇನ್‌ಸ್ಟಾಲರ್ ಮಾತ್ರ ಎಲ್ಲ ಸರಿಯಾಯಿತು ಅನ್ನುತ್ತದೆ. ನನಗೂ ಹೀಗೇ ಆಗಿತ್ತು.

ಗಾಬರಿಯಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಡಿ. ಬ್ಯಾಕಪ್ ಇದೆಯಾ ನೋಡಿಕೊಳ್ಳಿ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದು, ಅದೇ ಎಂಎಸ್‌ಪಿ ಫೈಲಿನ ಪೂರ್ತಿ ಪಾತ್ ಟೈಪ್ ಮಾಡಿ ಎಂಟರ್ ಒತ್ತಿ. ಮುಗಿದಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ.

ನಂತರ ಸರ್ವಿಸಸ್ ತೆರೆದು ನೋಡಿ. ಎಕ್ಸ್‌ಚೇಂಜ್ ಸರ್ವಿಸ್‌ಗಳು ಡಿಸೇಬಲ್ಡ್ ಆಗಿ ನಿಂತಿದ್ದರೆ ಆಟೊಮ್ಯಾಟಿಕ್‌ಗೆ ತಂದು ಸ್ಟಾರ್ಟ್ ಮಾಡಿ. ಬೇರೆ ಮೇಲ್ ಆ್ಯಪ್‌ಗಳಿಗೆ ಮೇಲ್ ಕೊಡುವ ಪಾಪ್3, ಐಮ್ಯಾಪ್4 ಸರ್ವಿಸ್‌ಗಳು ಮೊದಲಿಂದಲೂ ಮ್ಯಾನುಯಲ್‌ನಲ್ಲೇ ಇರುತ್ತವೆ, ಬಳಸದಿದ್ದರೆ ಹಾಗೇ ಬಿಡಿ.

ಆಗಲೂ ಪುಟ ಖಾಲಿಯೇ ಇದ್ದರೆ, ಎಕ್ಸ್‌ಚೇಂಜ್ ಇನ್‌ಸ್ಟಾಲ್ ಆದ ವಿ15 ಫೋಲ್ಡರ್ ಒಳಗಿನ ಬಿನ್ ಫೋಲ್ಡರಿಗೆ ಹೋಗಿ, ಅಡ್ಮಿನ್ ಆಗಿ ತೆರೆದ ಎಕ್ಸ್‌ಚೇಂಜ್ ಮ್ಯಾನೇಜ್‌ಮೆಂಟ್ ಶೆಲ್‌ನಲ್ಲಿ (ಎಕ್ಸ್‌ಚೇಂಜ್‌ನ ಕಮಾಂಡ್ ವಿಂಡೋ) ಅಪ್‌ಡೇಟ್‌ಕ್ಯಾಸ್, ಆಮೇಲೆ ಅಪ್‌ಡೇಟ್‌ಕಾನ್ಫಿಗ್‌ಫೈಲ್ಸ್ ಸ್ಕ್ರಿಪ್ಟ್ ಓಡಿಸಿ, ಐಐಎಸ್ (ವಿಂಡೋಸ್‌ನ ವೆಬ್ ಸರ್ವರ್) ರೀಸೆಟ್ ಮಾಡಿ.

ನೀವು ಲಾಗ್ ಹಾಕಿಲ್ಲ, ಹಾಗಾಗಿ ಇನ್ನೊಂದು ಸಾಧ್ಯತೆ ಬಿಡುವಂತಿಲ್ಲ. ಲಾಗಿನ್ ಆಗುವಾಗ ‘ಎಚ್‌ಎಂಎಸಿ ಪ್ರೊವೈಡರ್’ ಎಂಬ ಎರರ್ ಕಂಡರೆ ಓಆತ್ ಸರ್ಟಿಫಿಕೇಟ್ (ಸರ್ವರ್‌ಗಳು ಒಂದನ್ನೊಂದು ಗುರುತಿಸಲು ಬಳಸುವ ಡಿಜಿಟಲ್ ಪ್ರಮಾಣಪತ್ರ) ಅವಧಿ ಮುಗಿದಿರುತ್ತದೆ ಅಥವಾ ಅದು ಕಾಣೆಯಾಗಿರುತ್ತದೆ. ಆಗ ಮೊದಲು ಅದನ್ನು ಹೊಸದಾಗಿ ಮಾಡಿಸಿ.