ಚೀನೀ ಶಾಯಿ ಚಿತ್ರದ ಹಕ್ಕಿಗಳನ್ನು ಮೊದಲು ಕಿವಿಗೊಟ್ಟು ಕೇಳಿ

ಚೀನೀ ಶಾಯಿ ಚಿತ್ರಗಳಲ್ಲಿ ಒಂದೊಂದು ಹಕ್ಕಿಗೂ ಒಂದೊಂದು ಅರ್ಥವಿದೆಯಂತೆ, ಅದನ್ನು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಆ ಹಕ್ಕಿಯ ಹೆಸರನ್ನು ಚೀನೀ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿ ನೋಡಿ. ಎಷ್ಟೋ ಚಿತ್ರಗಳ ಗುಟ್ಟು ಅಲ್ಲೇ ಬಿಚ್ಚಿಕೊಳ್ಳುತ್ತದೆ. ನಮ್ಮ ಕವಿಗಳು ಪದ್ಯದಲ್ಲಿ ಇಡುತ್ತಿದ್ದ ಶ್ಲೇಷೆಯನ್ನು ಅಲ್ಲಿನ ಕಲಾವಿದರು ಕುಂಚದಲ್ಲಿ ಇಟ್ಟರು.

ಮ್ಯಾಗ್‌ಪೈ ನೋಡಿ. ಕಾಗೆಯ ಕುಲದ, ಕಪ್ಪು ಬಿಳುಪಿನ, ಉದ್ದ ಬಾಲದ ಹಕ್ಕಿ. ಅದರ ಹೆಸರಿನ ಮೊದಲ ಅಕ್ಷರ ‘ಷಿ’ ಎಂದರೆ ಸಂತೋಷ. ಅದು ಕೂತಿರುವ ಪ್ಲಮ್ ಮರಕ್ಕೆ ‘ಮೇ’ ಎನ್ನುತ್ತಾರೆ. ಹುಬ್ಬಿಗೂ ಅದೇ ಉಚ್ಚಾರ. ಪ್ಲಮ್ ಕೊಂಬೆಯ ತುದಿಯಲ್ಲಿ ಮ್ಯಾಗ್‌ಪೈ ಕೂತರೆ ‘ಸಂತೋಷ ಹುಬ್ಬಿನ ತುದಿಗೇರಿತು’ ಎಂಬ ನುಡಿಗಟ್ಟೇ ಎದುರಿಗೆ ಬಂದಂತೆ. ಹೀಗೇ ಉಚ್ಚಾರದ ಹೋಲಿಕೆಯಿಂದ, ಒಂದು ಬೆಳ್ಳಕ್ಕಿ, ಪಕ್ಕದಲ್ಲಿ ತಾವರೆ ಇದ್ದರೆ, ಪರೀಕ್ಷೆಗಳಲ್ಲಿ ಒಂದರ ಮೇಲೊಂದು ತೇರ್ಗಡೆಯಾಗಲಿ ಎಂಬ ಹಾರೈಕೆ. ತಲೆಯಲ್ಲಿ ಬಿಳಿ ಪಟ್ಟೆಯಿರುವ ಪಿಕಳಾರದ ಜೋಡಿಯಾದರೆ, ಗಂಡಹೆಂಡಿರು ತಲೆ ನರೆಯುವವರೆಗೂ ಕೂಡಿ ಬಾಳಲಿ ಎಂದು. ಕೊಕ್ಕರೆಯಂಥ ಕ್ರೌಂಚ ಮಾತ್ರ ಶ್ಲೇಷೆಯಿಂದಲ್ಲ, ಅಮರರ ವಾಹನವೆಂಬ, ಚೀನಾದ ತಾವೋ ಪಂಥದ ನಂಬಿಕೆಯಿಂದ ದೀರ್ಘಾಯುಷ್ಯದ ಗುರುತಾಯಿತು.

ಆದರೆ ಬಾದಾ ಶಾನ್‌ರೆನ್ (1626–1705) ಎಂಬ ಚಿತ್ರಕಾರರ ಹಕ್ಕಿಗಳ ಮುಂದೆ ಈ ಕೀಲಿಕೈ ಸಾಲದು. ನಾನು ಹೆಚ್ಚು ಹೊತ್ತು ನಿಲ್ಲುವುದೂ ಅವುಗಳ ಮುಂದೆಯೇ. ಅವರು ಚೀನಾವನ್ನು ಆಳುತ್ತಿದ್ದ ಮಿಂಗ್ ರಾಜವಂಶದ ಕುಡಿ. 1644ರಲ್ಲಿ ರಾಜಧಾನಿ ಬಿದ್ದು ಮಂಚೂಗಳ ಆಳ್ವಿಕೆ ಬಂದಮೇಲೆ ಬೌದ್ಧ ಸನ್ಯಾಸಿಯಾದರು. ಅವರ ಹಕ್ಕಿ ಯಾರಿಗೂ ಶುಭ ಕೋರುವುದಿಲ್ಲ. ಬಂಡೆಯ ಮೇಲೆ ಒಂಟಿಕಾಲಿನಲ್ಲಿ, ಮೈ ಮುದುಡಿ ನಿಂತಿರುತ್ತದೆ. ಸುತ್ತ ಬರಿಯ ಕಾಗದ. ಚೀನಾದಲ್ಲಿ ಬಿಳಿಗಣ್ಣು ತೋರಿಸುವುದೆಂದರೆ ತಿರಸ್ಕಾರ; ಈ ಹಕ್ಕಿಯ ಕಣ್ಣು ಅದೇ. ಅವರ ರುಜುವಿನ ನಾಲ್ಕು ಅಕ್ಷರಗಳೂ ಒಂದಕ್ಕೊಂದು ಬೆಸೆದು ‘ಅಳು’, ‘ನಗು’ ಎಂದು ಓದಿಸಿಕೊಳ್ಳುತ್ತವೆ.

ಆ ಕಣ್ಣನ್ನು ನಕಲು ಮಾಡಲು ನಾನು ಎಷ್ಟೋ ಸಂಜೆ ಕೂತಿದ್ದೇನೆ. ಮೊದಲು ಕೊಕ್ಕು, ಆಮೇಲೆ ಮೊಟ್ಟೆಯಾಕಾರದ ಒಂದು ಗೆರೆ, ಕಡೆಗೆ ಮೇಲಂಚಿಗೆ ಒತ್ತಿದಂತೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಕೂದಲೆಳೆಯಷ್ಟು ಕೆಳಗೆ ಜಾರಿದರೂ ಸಾಕು, ಹಕ್ಕಿ ಸಾಧುವಾಗಿಬಿಡುತ್ತದೆ.