ಸಿಯೋಲ್‌ನಲ್ಲಿ ಒಬ್ಬರೇ ಚಿಕನ್ ತಿನ್ನೋಕೆ ಹೋದರೆ

ಒಬ್ಬರೇ ಹೋದರೆ ಅರ್ಧ ಕೋಳಿ ಕೊಡುತ್ತಾರಾ, ಖಾರ ಜಾಸ್ತಿನಾ ಅಂತ ಕೇಳಿದ್ದೀರಿ. ಸಿಯೋಲ್‌ನ ಕರಿದ ಚಿಕನ್ ಸಿಗುವ ಹೆಚ್ಚಿನ ಅಂಗಡಿಗಳಲ್ಲಿ ಇಡೀ ಕೋಳಿಯ ಲೆಕ್ಕದಲ್ಲೇ ಆರ್ಡರ್ ತಗೊಳ್ಳುತ್ತಾರೆ, ಅದು ಇಬ್ಬರಿಗೆ ಸಾಕು. ಚಿಂತೆ ಬೇಡ, ಉಳಿದದ್ದನ್ನು ಕಟ್ಟಿಸಿಕೊಳ್ಳಬಹುದು. ಬಾನ್‌ಬಾನ್ ಕೇಳಿ, ಅರ್ಧ ಬರೀ ಕರಿದದ್ದು, ಇನ್ನರ್ಧ ಯಾಂಗ್‌ನ್ಯೊಮ್ ಸಾಸ್ ಹಚ್ಚಿದ್ದು ಬರುತ್ತದೆ. ಆ ಸಾಸ್ ನೋಡೋಕಷ್ಟೇ ಕೆಂಪು, ಸಿಹಿಯೇ ಮುಂದು, ನಮ್ಮ ಕಡೆ ಖಾರ ತಿಂದವರಿಗೆ ಏನೂ ಅನಿಸಲ್ಲ. ಬುಲ್‌ಡಾಕ್ ಅಂತ ಇದ್ದರೆ ಮಾತ್ರ ಹುಷಾರು, ಅದು ನಿಜಕ್ಕೂ ತುಂಬಾ ಖಾರ!

ಬಿಸಿ ಇರುವಾಗಲೇ ಸಾಸ್ ಇಲ್ಲದ್ದನ್ನು ಮೊದಲು ತಿನ್ನಿ. ಎರಡು ಸಲ ಕರಿಯುವುದರಿಂದ ಮೇಲಿನ ಪದರ ತೆಳ್ಳಗೆ, ಕಚ್ಚಿದರೆ ಕರಂ ಅಂತ ಸದ್ದು, ಒಳಗೆ ಮಾಂಸ ಮಾತ್ರ ಮೆತ್ತಗೆ, ರಸ ಹಾಗೇ ಇರುತ್ತದೆ. ಜೊತೆಗೆ ಬರುವ ಸಿಹಿ ಹುಳಿ ಮೂಲಂಗಿ ತುಂಡುಗಳನ್ನು ಬಿಡಬೇಡಿ, ಬಾಯಿಯ ಜಿಡ್ಡೆಲ್ಲ ಹೋಗುತ್ತದೆ. ಮೂಳೆ ಬೇಡ ಅಂದರೆ ಸುನ್‌ಸಾಲ್ ಕೇಳಿ. ಟಿಪ್ ಕೊಡೋ ಪದ್ಧತಿ ಅಲ್ಲಿಲ್ಲ.